ಪ್ರೈಮಸ್‌ಗೆ ತಂಗಿ ಇರಲಿಲ್ಲ

ಸೈಕಮೋರ್ ಕಡವು, ಬ್ರಾಜೋಸ್ ನದಿ, ಟೆಕ್ಸಸ್
9 ಸೆಪ್ಟೆಂಬರ್ 1866

ಪತ್ರಿಕೆಯ ಸಂಪಾದಕರಿಗೆ,

ಈ ಕೆಳಗಿನ ನಾಲ್ಕು ಮಾತುಗಳನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಬೇಕು. ಉತ್ತರ ಕೆರೊಲಿನಾದ ಪಾದ್ರಿಗಳು ಆರಾಧನೆ ಮುಗಿದ ಮೇಲೆ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು.

ನನ್ನ ಗಂಡ ಪ್ರೈಮಸ್ ಎಲ್ಲಿದ್ದಾನೆಂದು ನನಗೆ ತಿಳಿಯಬೇಕಾಗಿದೆ. ನಾವಿಬ್ಬರೂ ನ್ಯೂ ಬರ್ನ್ ಊರಿನ ಹತ್ತಿರ ಹಾಲೊವೆಲ್ ಧಣಿಯ ಗುಲಾಮರಾಗಿದ್ದೆವು. 1854ರ ಜನವರಿಯಲ್ಲಿ ನನ್ನನ್ನು ಟೆಕ್ಸಸ್‌ನ ಗ್ರಿಮ್ಸ್‌ಲಿ ಎಂಬವನಿಗೆ ಮಾರಿದರು, ಅವನನ್ನು ಅಲ್ಲೇ ಇಟ್ಟುಕೊಂಡರು. ಪೀಪಾಯಿ ಕಟ್ಟುವುದು ಅವನ ಕಸಬು. ಎತ್ತರದ ಆಳು. ಕೆಲಸ ಮಾಡುವಾಗ ಬಾಯಿ ಮುಚ್ಚಿಕೊಂಡೇ ಹಾಡುತ್ತಾನೆ. ನಾನು ಈಗ ಯಾರ ಸೊತ್ತೂ ಅಲ್ಲ. ಕಡವಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತೇನೆ. ಬಲ್ಲವರು ಈ ವಿಳಾಸಕ್ಕೆ ಬರೆಯಿರಿ.

ಮಹಾಲಾ

•

ನ್ಯೂ ಬರ್ನ್, ಉತ್ತರ ಕೆರೊಲಿನಾ
21 ಅಕ್ಟೋಬರ್ 1866

ಮಹಾಲಾ ಅವರಿಗೆ,

ನಿಮ್ಮ ಪ್ರಕಟಣೆಯನ್ನು ಕಳೆದ ಭಾನುವಾರ ನಮ್ಮ ಚರ್ಚಿನಲ್ಲಿ ಓದಿದರು. ಪ್ರೈಮಸ್ ಅಂದು ಬಂದಿರಲಿಲ್ಲ. ಅವನು ಚರ್ಚಿಗೆ ಬರುವುದೇ ಅಪರೂಪ, ಮತ್ತು ಅವನಿಗೆ ಅಕ್ಷರ ಬಾರದು. ಅದಕ್ಕೆ ನಾನು ಬರೆಯುತ್ತಿದ್ದೇನೆ. ನಾನು ಅವನ ತಂಗಿ ಟೆಂಪಿ.

ಅವನು ಬದುಕಿದ್ದಾನೆ. ಮೂರು ವರ್ಷ ನೀಲಿ ಅಂಗಿ ತೊಟ್ಟು ಸರ್ಕಾರದ ಪರ ಬಂದೂಕು ಹಿಡಿದ. ಮೈಗೆ ಒಂದು ಗುಂಡೂ ತಾಗಲಿಲ್ಲ. ಈ ಜೂನ್‌ನಲ್ಲಿ ಮನೆಗೆ ಬಂದ. ಸೈನ್ಯ ಸೇರುವಾಗ ಹಾರ್ಟ್ ಎಂಬ ಮನೆತನದ ಹೆಸರು ಇಟ್ಟುಕೊಂಡಿದ್ದಾನೆ. ಈಗ ನದಿಯ ದಂಡೆಯಲ್ಲಿ ಟರ್ಪೆಂಟೈನ್ ತುಂಬುವ ಪೀಪಾಯಿ ಕಟ್ಟುತ್ತಾನೆ. ಬಾಯಿ ಮುಚ್ಚಿಕೊಂಡು ಹಾಡುವ ಚಾಳಿ ಬಿಟ್ಟಿಲ್ಲ.

ಇನ್ನೊಂದು ವಿಷಯ. ಅವನಿಗೆ ಹೆಂಡತಿ ಇದ್ದಾಳೆ. ಒಂಬತ್ತು ವರ್ಷವಾಯಿತು. ಬಹಳ ಒಳ್ಳೆಯ ಹೆಂಗಸು. ಇಡೀ ನ್ಯೂ ಬರ್ನ್‌ನಲ್ಲಿ ಅವಳಷ್ಟು ಬೆಳ್ಳಗೆ ಬಟ್ಟೆ ಒಗೆಯುವವರಿಲ್ಲ; ಅಧಿಕಾರಿಗಳ ಅಂಗಿಗಳೆಲ್ಲ ಗಂಜಿ ಹಾಕಿ ಇಸ್ತ್ರಿಯಾಗಲು ಅವಳಲ್ಲಿಗೇ ಬರುತ್ತವೆ. ಯುದ್ಧದ ಕಾಲದಲ್ಲಿ ಇಲ್ಲಿ ತೆರೆದ ಶಾಲೆಗೆ ಹೋಗಿ ಓದು ಬರಹ ಕಲಿತಳು. ನೋಡಲಿಕ್ಕೂ ಚೆನ್ನಾಗಿದ್ದಾಳೆ. ಗಂಡನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ಹನ್ನೆರಡು ವರ್ಷದ ಮೇಲೆ ನಿಮಗೆ ಅವನಿಂದ ಏನು ಬೇಕಾಗಿದೆ? ತಂಗಿಯಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಟೆಂಪಿ

•

ಸೈಕಮೋರ್ ಕಡವು
25 ನವೆಂಬರ್ 1866

ಪ್ರೀತಿಯ ನಾದಿನಿಗೆ,

ನಿನ್ನ ಪತ್ರ ಬಂತು. ಅವನು ಬದುಕಿದ್ದಾನೆ ಎಂಬ ಸಾಲನ್ನು ಮೂರು ಸಲ ಓದಿಸಿದೆ. ದೇವರು ನಿನಗೆ ಒಳ್ಳೆಯದು ಮಾಡಲಿ.

ನಾವು ಒಂದೇ ಗುಡಿಸಲಲ್ಲಿ ಆರು ವರ್ಷ ಇದ್ದರೂ ಪ್ರೈಮಸ್ ನಿನ್ನ ಹೆಸರನ್ನೇ ಎತ್ತಿರಲಿಲ್ಲ. ಇಂಥ ಚೂಟಿ ತಂಗಿಯನ್ನು ಹೇಗೆ ಮರೆತನೋ. ಇರಲಿ, ಗಂಡಸರಿಗೆ ಎಲ್ಲಾ ಹೇಳಲು ಬಿಡುವು ಎಲ್ಲಿರುತ್ತದೆ?

ಅವನ ಹೆಂಡತಿಯ ವಿಷಯ ಓದಿ ಸಂತೋಷವಾಯಿತು. ನೀನು ಅವಳನ್ನು ಹೊಗಳಿದ ರೀತಿ ನೋಡಿದರೆ ಅತ್ತಿಗೆ ನಾದಿನಿ ನೀವಿಬ್ಬರೂ ಒಂದೇ ಜೀವ ಅನ್ನಿಸಿತು. ಎಲ್ಲರ ಮನೆಯಲ್ಲೂ ಹೀಗಿರುವುದಿಲ್ಲ. ಅವಳಿಗೆ ನನ್ನ ಪರವಾಗಿ ಹೇಳು: ಅವನಿಗೆ ಕೋಪ ಬಂದರೆ ಕೂಗಾಡುವುದಿಲ್ಲ, ಸುಮ್ಮನಾಗುತ್ತಾನೆ. ಆಗ ಮಾತಾಡಿಸಲು ಹೋಗಬಾರದು. ತಾನಾಗಿ ಬಂದು ಊಟಕ್ಕೆ ಕೂರುವವರೆಗೆ ಬಿಟ್ಟುಬಿಡಬೇಕು. ನನಗೆ ಇದು ತಿಳಿಯಲು ಎರಡು ವರ್ಷ ಬೇಕಾಯಿತು. ಅವಳಿಗೆ ಆ ಕಷ್ಟ ಬೇಡ.

ನನಗೇನು ಬೇಕು ಎಂದು ಕೇಳಿದ್ದೀಯಲ್ಲ. ಸದ್ಯಕ್ಕೆ ಏನೂ ಬೇಡ. ನನ್ನ ಹೆಸರು ಕೇಳಿದಾಗ ಅವನು ಏನಂದ, ಅಷ್ಟು ಬರೆ.

ಮಹಾಲಾ

•

ನ್ಯೂ ಬರ್ನ್
30 ಡಿಸೆಂಬರ್ 1866

ಮಹಾಲಾ ಅವರಿಗೆ,

ನಿಮ್ಮ ಹೆಸರು ಕೇಳಿ ಅವನು ಏನೂ ಅನ್ನಲಿಲ್ಲ.

ಅವನ ಹೆಂಡತಿಗೆ ನೀವು ಕಳಿಸಿದ ಬುದ್ಧಿಮಾತು ತಲುಪಿತು. ಅವಳಿಗೆ ಆ ವಿಷಯ ಮೊದಲೇ ಗೊತ್ತಂತೆ.

ಇಲ್ಲಿ ಒಂದು ಹೊಸ ಕಾನೂನು ಬಂದಿದೆ. ಗುಲಾಮಗಿರಿಯ ಕಾಲದಲ್ಲಿ ಜೊತೆಗೆ ಬಾಳಿದವರು ಕೌಂಟಿ ಗುಮಾಸ್ತನ ಮುಂದೆ ನಿಂತು, ನಾವು ಗಂಡ ಹೆಂಡತಿ ಎಂದು ಪ್ರಮಾಣ ಮಾಡಿ ಪುಸ್ತಕದಲ್ಲಿ ಬರೆಸಿದರೆ ಸರ್ಕಾರವೂ ಒಪ್ಪುತ್ತದೆ. ನಮ್ಮ ಬೀದಿಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಹೋಗಿ ಬರೆಸಿ ಬಂದರು. ಪ್ರೈಮಸ್ ಮಾತ್ರ ಈ ವಾರ ಪೀಪಾಯಿ ಬಹಳ, ಮುಂದಿನ ವಾರ ನೋಡೋಣ ಅನ್ನುತ್ತಾನೆ. ಜೂನ್‌ನಿಂದ ಹೀಗೇ. ಹೆಂಡತಿಗೆ ಸಂಕಟವಾಗದೆ ಇರುತ್ತದೆಯೇ? ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಏನ್ರೀ, ನಿಮ್ದು ಇನ್ನೂ ಆಗ್ಲಿಲ್ವಾ?" ಎಂದು ದಿನಕ್ಕೊಮ್ಮೆ ಕೇಳುತ್ತಾಳೆ.

ಇದನ್ನೆಲ್ಲ ನಿಮಗೆ ಏಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ನಿಮ್ಮ ಪತ್ರ ಬರೆದುಕೊಡುವವರು ಯಾರು? ಅಕ್ಷರ ಬಹಳ ದುಂಡಗಿದೆ.

ಟೆಂಪಿ

•

ಸೈಕಮೋರ್ ಕಡವು
3 ಫೆಬ್ರವರಿ 1867

ಟೆಂಪಿಗೆ,

ಈ ಸಲ ಬರೆಯುತ್ತಿರುವವರು ನಮ್ಮ ಪಾದ್ರಿ. ಅವರ ಕಣ್ಣು ಮಂಜು, ಸಾಲು ಸೊಟ್ಟಗಾದರೆ ಹೊಂದಿಸಿಕೊಂಡು ಓದು. ಮೊದಲು ಬರೆಯುತ್ತಿದ್ದ ಕೈ ಈಗ ನನ್ನ ಹತ್ತಿರ ಇಲ್ಲ.

ಒಂದು ಕೆಲಸ ಆಗಬೇಕು. ಪ್ರೈಮಸ್ ನಿಮ್ಮೂರಿನ ಬ್ಯೂರೋ ಕಚೇರಿಗೆ, ಬಿಡುಗಡೆಯಾದ ನಮ್ಮಂಥವರಿಗಾಗಿ ಸರ್ಕಾರ ತೆರೆದಿದೆಯಲ್ಲ, ಅಲ್ಲಿಗೆ ಹೋಗಬೇಕು. 1848ರಿಂದ 1854ರವರೆಗೆ ಹಾಲೊವೆಲ್ ಧಣಿಯ ಜಮೀನಿನಲ್ಲಿ ಮಹಾಲಾ ಮತ್ತು ನಾನು ಗಂಡ ಹೆಂಡತಿಯಾಗಿದ್ದೆವು ಎಂದು ಪ್ರಮಾಣ ಮಾಡಬೇಕು. ಅಧಿಕಾರಿಯಿಂದ ಮೊಹರು ಹಾಕಿಸಿ ಆ ಕಾಗದವನ್ನು ನನಗೆ ಕಳಿಸಬೇಕು.

ಏಕೆ ಎಂದು ಈಗ ಕೇಳಬೇಡ. ಬೇಗ ಆಗಬೇಕು. ನಾನು ಯಾರ ಮುಂದೆಯೂ ಕೈ ಚಾಚಿದವಳಲ್ಲ. ಈಗ ಕೇಳುತ್ತಿದ್ದೇನೆ.

ಮಹಾಲಾ

•

ನ್ಯೂ ಬರ್ನ್
10 ಮಾರ್ಚ್ 1867

ಮಹಾಲಾ ಅವರಿಗೆ,

ಪ್ರೈಮಸ್ ತೀರಿಕೊಂಡ. ಜನವರಿಯಲ್ಲಿ ಜ್ವರ ಬಂದಿತ್ತು. ಇನ್ನು ಈ ವಿಳಾಸಕ್ಕೆ ಬರೆಯುವುದು ಬೇಡ.

ಟೆಂಪಿ

•

ಸೈಕಮೋರ್ ಕಡವು
7 ಏಪ್ರಿಲ್ 1867

ಟೆಂಪಿಗೆ,

ಜನವರಿಯ ಯಾವ ತಾರೀಖು? ಅದನ್ನು ಬರೆ. ಅವನ ಮಗಳಿಗೆ ನಾನು ಹೇಳಬೇಕು.

ಹೌದು, ಮಗಳು. ನನ್ನನ್ನು ಮಾರಿದಾಗ ಬಸಿರಿಗೆ ಎರಡು ತಿಂಗಳಾಗಿತ್ತು. ನಾನು ಯಾರಿಗೂ ಹೇಳಿರಲಿಲ್ಲ, ಪ್ರೈಮಸ್‌ಗೂ ಹೇಳಿರಲಿಲ್ಲ, ಇನ್ನೊಂದು ತಿಂಗಳು ನೋಡಿ ಹೇಳೋಣ ಎಂದುಕೊಂಡಿದ್ದೆ. ಆ ತಿಂಗಳು ನನಗೆ ಸಿಗಲಿಲ್ಲ. ಅವಳ ಹೆಸರು ವೈನಿ. ಹನ್ನೆರಡು ವರ್ಷ. ನೀನು ಮೆಚ್ಚಿದ ಆ ದುಂಡು ಅಕ್ಷರ ಅವಳದ್ದು.

ಕ್ರಿಸ್ಮಸ್ ಕಳೆದ ವಾರ ಗ್ರಿಮ್ಸ್‌ಲಿ ಅವಳನ್ನು ಎಳೆದುಕೊಂಡು ಹೋದ. ಇಲ್ಲಿಯೂ ಹೊಸ ಕಾನೂನು ಬಂದಿದೆ. ಅನಾಥ ಮಕ್ಕಳನ್ನು ಇಪ್ಪತ್ತೊಂದು ವರ್ಷ ತುಂಬುವವರೆಗೆ ಕೆಲಸ ಕಲಿಯಲು ಅಂತ ಯಾರಿಗಾದರೂ ಒಪ್ಪಿಸಬಹುದಂತೆ. ಗ್ರಿಮ್ಸ್‌ಲಿ ಅರ್ಜಿ ಹಾಕಿದ. ಜಡ್ಜ್ ನನ್ನನ್ನು ಕೇಳಿದ, "ಇವಳ ಅಪ್ಪ ಎಲ್ಲಮ್ಮಾ? ನಿನಗೆ ಲಗ್ನ ಆಗಿತ್ತು ಅನ್ನೋದಕ್ಕೆ ಕಾಗದ ಏನಾದ್ರೂ ಇದ್ಯಾ?" ಗುಲಾಮರ ಲಗ್ನಕ್ಕೆ ಕಾಗದ ಯಾರು ಕೊಡುತ್ತಿದ್ದರು? ಇಲ್ಲ ಎಂದೆ. ಅವನು ಅನಾಥೆ ಎಂದು ಬರೆದುಕೊಂಡ. ತಾಯಿ ಅವನ ಮೇಜಿನ ಮುಂದೆಯೇ ನಿಂತಿದ್ದಳು, ಆದರೂ ಅನಾಥೆ. ಈಗ ಅವಳು ಗ್ರಿಮ್ಸ್‌ಲಿಯ ಹಿತ್ತಲಲ್ಲಿ ಸಾಬೂನು ಕುದಿಸುತ್ತಿದ್ದಾಳೆ. ಶಾಲೆ ಇಲ್ಲ. ತಿಂಗಳಿಗೊಂದು ಭಾನುವಾರ ಬೇಲಿಯ ಹತ್ತಿರ ನಿಂತು ನೋಡಲು ಬಿಡುತ್ತಾರೆ.

ನಾನು ಮೊದಲೇ ಏಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ಪ್ರೈಮಸ್‌ಗೆ ತಂಗಿ ಇರಲಿಲ್ಲ. ಅವನ ತಾಯಿ ಮುದುಕಿ ಜೂಡಿ ನಮ್ಮ ಗುಡಿಸಲಲ್ಲೇ ಇದ್ದಳು. ಸಾಯುವವರೆಗೆ ಅವಳ ತಲೆ ತೊಳೆದವಳು ನಾನು. ಅವಳು ಹೆತ್ತದ್ದು ಒಂದೇ ಮಗು. ನಿನ್ನ ಮೊದಲ ಪತ್ರದ ಐದನೇ ಸಾಲಿಗೇ ನೀನು ಯಾರೆಂದು ನನಗೆ ಗೊತ್ತಾಯಿತು. ನಕ್ಕೆ. ಸವತಿಗೆ ಹೆದರಿ ಸುಳ್ಳು ಹೇಳುವವಳ ಕೈಗೆ ನನ್ನ ಮಗಳ ವಿಷಯವನ್ನು ಹೇಗೆ ಕೊಡಲಿ? ಎಲ್ಲಾದರೂ ಮುಚ್ಚಿಟ್ಟುಬಿಟ್ಟರೆ? ನಿನ್ನ ಗುಣ ತಿಳಿದ ಮೇಲೆ ಹೇಳೋಣ ಎಂದು ಕಾದೆ.

ನನ್ನದೂ ತಪ್ಪಿದೆ. ನನಗೆ ಇಲ್ಲೊಬ್ಬ ಗಂಡನಿದ್ದಾನೆ, ಐಸೋಮ್, ಹೇಸರಗತ್ತೆ ಗಾಡಿ ಹೊಡೆಯುತ್ತಾನೆ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ವೈನಿಯನ್ನು ಬಿಡಿಸಲು ಅವನೂ ಹೋಗಿ ಕೇಳಿದ. ನೀನು ಹೆತ್ತ ಅಪ್ಪನಲ್ಲ ಎಂದು ಹೊರಗೆ ಹಾಕಿದರು. ಐಸೋಮ್‌ನ ವಿಷಯ ಮೊದಲೇ ಬರೆದಿದ್ದರೆ ನಿನ್ನ ಎದೆ ತಣ್ಣಗಾಗುತ್ತಿತ್ತು. ಬೇಕೆಂದೇ ಬರೆಯಲಿಲ್ಲ. ನೀನು ಸುಳ್ಳು ಹೇಳಿಕೊಂಡು ಆರಾಮವಾಗಿ ಏಕಿರಬೇಕು ಅನ್ನಿಸಿತು.

ಈಗ ಹೇಳು. ಅವನು ನಿಜವಾಗಿ ಸತ್ತಿದ್ದರೆ ತಾರೀಖು ಬರೆ, ಅಳುತ್ತೇನೆ. ಸತ್ತಿಲ್ಲದಿದ್ದರೆ ಈ ಪತ್ರವನ್ನು ಅವನಿಗೆ ಓದಿ ಹೇಳು.

ಮಹಾಲಾ

•

ನ್ಯೂ ಬರ್ನ್
5 ಮೇ 1867

ಮಹಾಲಾ ಅಕ್ಕನಿಗೆ,

ಅವನು ಬದುಕಿದ್ದಾನೆ. ಜ್ವರವೂ ಬಂದಿರಲಿಲ್ಲ. ಪ್ರಮಾಣದ ಕಾಗದ ಇದರ ಜೊತೆಗಿದೆ. ಮೊದಲು ಅದನ್ನು ತೆಗೆದು ಜೋಪಾನವಾಗಿಡು, ಆಮೇಲೆ ಮುಂದೆ ಓದು.

ನಿನ್ನ ಪತ್ರವನ್ನು ನಾನು ಒಗೆಯುವ ಕಟ್ಟೆಯ ಮೇಲೆ ಕೂತು ಒಡೆದೆ. ಮುಗಿಯುವ ಹೊತ್ತಿಗೆ ಹಂಡೆಯ ನೀರು ಉಕ್ಕಿ ಒಲೆ ಆರಿತ್ತು. ಲಂಗಕ್ಕೆ ಕೈ ಒರೆಸಿಕೊಂಡು ನೇರ ನದಿ ದಂಡೆಗೆ ಹೋದೆ. ಅವನು ಪೀಪಾಯಿಯೊಳಗೆ ಬೆಂಕಿಯಿಟ್ಟು ಹಲಗೆ ಬಾಗಿಸುತ್ತಿದ್ದ.

"ಪ್ರೈಮಸ್, ನಿನ್ನನ್ನ ನಾನು ಸಾಯಿಸ್ಬಿಟ್ಟೆ" ಎಂದೆ.

"ಯಾವಾಗ?" ಎಂದ, ತಲೆ ಎತ್ತದೆ.

"ಜನವರೀಲಿ. ಜ್ವರ ಬಂದು."

"ಅದಕ್ಕೇ ಇರ್ಬೇಕು ಈ ಸೊಂಟನೋವು" ಎಂದು ನಕ್ಕ.

ನಾನು ನಗಲಿಲ್ಲ. ಆಗ ಸುತ್ತಿಗೆ ಕೆಳಗಿಟ್ಟ. ನಿನ್ನ ನಾಲ್ಕೂ ಬರಹಗಳನ್ನು, ಆ ಪ್ರಕಟಣೆಯಿಂದ ಹಿಡಿದು, ಒಂದೂ ಸಾಲು ಬಿಡದೆ ಓದಿದೆ. ನಾನು ನಿನಗೆ ಏನೇನು ಬರೆದೆ ಎಂಬುದನ್ನೂ ಬಾಯಿಬಿಟ್ಟು ಹೇಳಿದೆ. ಅವನು ಕೇಳಿದ್ದು ಒಂದೇ.

"ಸಾಬೂನಿನ ಹಂಡೆ ಅಂದ್ಯಾ? ಹನ್ನೆರಡು ವರ್ಷದ್ ಹುಡುಗೀನಾ?"

ಆಮೇಲೆ ಸುಮ್ಮನಾದ. ನೀನು ಬರೆದಿದ್ದೆಯಲ್ಲ, ಆ ಮೌನ. ನನಗೆ ಅದು ಗೊತ್ತಿದೆ ಎಂದು ದೊಡ್ಡದಾಗಿ ಬರೆದಿದ್ದೆ. ಅಷ್ಟು ಆಳದ್ದನ್ನು ನಾನು ಕಂಡಿರಲೇ ಇಲ್ಲ. ಎರಡು ದಿನ ನದಿ ದಂಡೆಯ ಪೀಪಾಯಿ ಅಂಗಡಿಯಲ್ಲೇ ಮಲಗಿದ. ನಿನ್ನ ಮಾತು ನೆನಪಿಟ್ಟುಕೊಂಡು ನಾನು ಕರೆಯಲು ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಂದು ಊಟದ ಮೇಜಿನ ಮುಂದೆ ಕೂತ. ಜೋಳದ ರೊಟ್ಟಿ, ಕಾಕಂಬಿ, ಹುರಿದ ಹೆರಿಂಗ್ ಮೀನು ಇಟ್ಟೆ.

"ನಾನ್ ಯಾಕೆ ಗುಮಾಸ್ತನ ಹತ್ರ ಬರ್ತಿರ್ಲಿಲ್ಲ ಗೊತ್ತಾ?" ಎಂದ.

"ಗೊತ್ತು. ಅವಳೇ ನಿನ್ನ ಮನಸಲ್ಲಿದ್ಲು."

"ಹುಚ್ಚಿ. ಪ್ರಮಾಣ ಮಾಡಿ ಹೇಳ್ಬೇಕಂತೆ, ಬೇರೆ ಹೆಂಡ್ತಿ ಇಲ್ಲ ಅಂತ. ಅವಳು ಸತ್ತಿದಾಳೆ ಅಂತ ನಾನು ಹೇಗೆ ಹೇಳ್ಲಿ? ಬದುಕಿದಾಳೆ ಅಂತ ಹೇಗೆ ಹೇಳ್ಲಿ? ನಿನಗಾಗಿ ಸುಳ್ಳು ಪ್ರಮಾಣ ಮಾಡಿದ್ರೆ ನಾಳೆ ನಿನ್ನ ಮುಖ ಹೇಗೆ ನೋಡ್ಲಿ?"

ಒಂದು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗಂಡಸು. ಅವನನ್ನು ಬೈಯುವ ಮುಖ ನನಗಿರಲಿಲ್ಲ.

ಊಟ ಮುಗಿಸಿ ಇಬ್ಬರೂ ಬ್ಯೂರೋ ಕಚೇರಿಗೆ ಹೋದೆವು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೆಫ್ಟಿನೆಂಟ್ ಇದ್ದಾನೆ, ಉತ್ತರದ ಕಡೆಯವನು. ಅವನ ಅಂಗಿ ತೋಳಿನ ಶಾಯಿ ಕಲೆ ತೆಗೆಯುವವಳು ನಾನೇ. ಪ್ರೈಮಸ್ ಹೇಳಿದ್ದನ್ನೆಲ್ಲ ಬರೆದುಕೊಂಡ. ನಿನ್ನ ಹೆಸರು ಬಂದ ಜಾಗದಲ್ಲಿ ಲೇಖನಿ ನಿಲ್ಲಿಸಿದ.

"ಇಲ್ಲಿ 'ಹೆಂಡತಿ' ಅಂತ ಬರೆದ್ರೆ ನಿಮಗೇ ತೊಂದ್ರೆ ಟೆಂಪಿ. ನಾಳೆ ನೀವಿಬ್ರೂ ಕೌಂಟಿ ಪುಸ್ತಕದಲ್ಲಿ ಹೆಸರು ಬರೆಸೋಕೆ ಹೋದಾಗ ಗುಮಾಸ್ತ ಇದನ್ನೇ ಮುಂದಿಡ್ತಾನೆ. 'ಜೊತೆಯಲ್ಲಿದ್ದವಳು' ಅಂತ ಬರೀತೀನಿ."

"ಜೊತೆಯಲ್ಲಿದ್ದವಳ ಮಗಳನ್ನ ಆ ಟೆಕ್ಸಸ್ ಜಡ್ಜು ಬಿಡ್ತಾನಾ ಸಾರ್?"

"ಅನುಮಾನ."

"ಹಾಗಾದ್ರೆ ಹೆಂಡತಿ ಅಂತ್ಲೇ ಬರೀರಿ."

"ಮತ್ತೆ ನೀವು ಯಾರು ಅಂತ ಬರೀಲಿ?"

"ನಾನು ನಿಮ್ಮ ಅಂಗಿ ಒಗೆಯೋಳು. ಬರೀರಿ."

ಬರೆದ. ಅಕ್ಷರ ಒಣಗುವವರೆಗೆ ನಾನು ಆ ಪದವನ್ನೇ ನೋಡುತ್ತಿದ್ದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಉರಿಯಿತು. ಆದರೂ ಆ ಪದ ಅಲ್ಲಿರಬೇಕಾದ್ದು ನ್ಯಾಯ.

ಪ್ರೈಮಸ್ ಕೆಳಗೆ ಸಹಿಯ ಬದಲು ಗೀಟೆಳೆದು ತನ್ನ ಗುರುತು ಹಾಕಿದ. ಅಧಿಕಾರಿ ಮೊಹರು ಒತ್ತಿ, ನಿಮ್ಮ ಕಡೆಯ ಬ್ಯೂರೋ ಅಧಿಕಾರಿಗೆ ಬೇರೆಯಾಗಿ ಒಂದು ಪತ್ರವನ್ನೂ ಕಳಿಸಿದ್ದಾನೆ. ನೀನು ಆ ಅಧಿಕಾರಿಯನ್ನು ಕರೆದುಕೊಂಡೇ ಕೋರ್ಟಿಗೆ ಹೋಗು. ಒಬ್ಬಳೇ ಹೋಗಬೇಡ.

ನಾವು ಎರಡು ಮಕ್ಕಳನ್ನು ಹೂತಿದ್ದೇವೆ, ಅಕ್ಕ. ಮೊದಲನೆಯದು ಹುಟ್ಟಿದ ವಾರಕ್ಕೆ, ಎರಡನೆಯದು ಯುದ್ಧದ ಎರಡನೇ ಚಳಿಗಾಲದಲ್ಲಿ. ಇದು ಕ್ಷಮೆಗೆ ಕಾರಣವಲ್ಲ. ನಾನು ಏಕೆ ಅಷ್ಟು ಹೆದರಿದೆ ಎಂದು ನಿನಗೆ ಗೊತ್ತಿರಲಿ ಅಂತ ಬರೆದೆ. ನನಗೆ ಇರುವವನು ಅವನೊಬ್ಬನೇ. ಚರ್ಚಿನ ಹೆಂಗಸರಿಗೆಲ್ಲ ನಿನ್ನ ಪ್ರಕಟಣೆ ಗೊತ್ತಿತ್ತು. ಪ್ರೈಮಸ್‌ನ ಕಿವಿಗೆ ಬಿದ್ದರೆ ನಿಮ್ಮ ಮನೆ ಬಟ್ಟೆ ಮುಟ್ಟುವುದಿಲ್ಲ ಎಂದು ಹೆದರಿಸಿದ್ದೆ.

ನನ್ನ ಸುಳ್ಳಿನಿಂದ ವೈನಿಗೆ ಎಷ್ಟು ತಿಂಗಳು ನಷ್ಟವಾಯಿತು ಎಂದು ನಾನು ಎಣಿಸಿದ್ದೇನೆ. ನೀನು ಬೈದು ಬರೆ. ಪೂರ್ತಿ ಓದುತ್ತೇನೆ.

ಟೆಂಪಿ

•

ಸೈಕಮೋರ್ ಕಡವು
23 ಜೂನ್ 1867

ಟೆಂಪಿ,

ಅಕ್ಷರ ನೋಡು. ಇದೇ ನಿನಗೆ ಸುದ್ದಿ.

ಕಾಗದ ಮೇ ಕೊನೆಗೆ ಬಂತು. ನಮ್ಮ ಬ್ಯೂರೋ ಅಧಿಕಾರಿ ನನ್ನ ಜೊತೆಗೆ ಕೋರ್ಟಿಗೆ ಬಂದ. ಐಸೋಮ್ ಗಾಡಿ ತಂದ; ಅವನನ್ನು ಒಳಗೆ ಬಿಡಲಿಲ್ಲ, ಬಾಗಿಲಾಚೆ ಹೇಸರಗತ್ತೆಗಳ ಹಗ್ಗ ಹಿಡಿದು ನಿಂತ. ಗ್ರಿಮ್ಸ್‌ಲಿ ವೈನಿಯನ್ನು ಕರೆತಂದಿದ್ದ, ಅಂದಿಗೆ ಮಾತ್ರ ಒಗೆದ ಲಂಗ ಹಾಕಿಸಿ.

ಜಡ್ಜ್ ಕಾಗದ ಓದಿದ. "ಇದು ಗೀಟು. ಗೀಟು ಯಾರು ಬೇಕಾದ್ರೂ ಎಳೀಬಹುದು" ಎಂದ. ಅಧಿಕಾರಿ ಎದ್ದು, "ಗೀಟಿನ ಪಕ್ಕದಲ್ಲಿರೋ ಮೊಹರು ಯಾರು ಬೇಕಾದ್ರೂ ಒತ್ತೋಕಾಗಲ್ಲ ಸ್ವಾಮಿ. ಅದು ಅಮೆರಿಕ ಸರ್ಕಾರದ್ದು" ಎಂದ. ಗ್ರಿಮ್ಸ್‌ಲಿ ನಡುವೆ ಬಾಯಿ ಹಾಕಿ, ಹುಡುಗಿಗೆ ನಮ್ಮಲ್ಲಿ ಹೊಟ್ಟೆ ತುಂಬ ಊಟ, ಅವಳನ್ನೇ ಕೇಳಿ ನೋಡಿ ಎಂದ. ಜಡ್ಜ್ ವೈನಿಯನ್ನು ಮುಂದೆ ಕರೆದ.

ಅವಳಿಗೆ ಏನು ಹೇಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ಬಿಟ್ಟವರು ಯಾರು?

ಅವಳು ಹೇಳಿದಳು: "ನಾನು ಅನಾಥೆ ಅಲ್ಲ ಸ್ವಾಮಿ. ನಮ್ಮಮ್ಮ ಇಲ್ಲಿದಾಳೆ. ನಮ್ಮಪ್ಪ ಆ ಕಾಗದದಲ್ಲಿದಾನೆ. ನನ್ನನ್ನ ಸಾಕಿದೋನು ಬಾಗಿಲಾಚೆ ಕತ್ತೆ ಹಿಡ್ಕೊಂಡ್ ನಿಂತಿದಾನೆ. ಇಷ್ಟ್ ಜನ ಇರೋಳನ್ನ ಅನಾಥೆ ಅಂತ ಯಾವ ಪುಸ್ತಕದಲ್ಲಿ ಬರೀತಾರೆ?"

ಯಾರೋ ಹಿಂದೆ ನಕ್ಕರು. ಜಡ್ಜ್ ನಗಲಿಲ್ಲ, ಆದರೆ ಅವಳನ್ನು ಗ್ರಿಮ್ಸ್‌ಲಿಗೆ ಒಪ್ಪಿಸಿದ್ದ ಕರಾರು ಪತ್ರ ಕೇಳಿ ಅಡ್ಡಗೆರೆ ಎಳೆದ. ಮನೆಗೆ ಬರುವವರೆಗೂ ನಾನು ಅವಳ ಕೈ ಬಿಡಲಿಲ್ಲ. ಇದನ್ನು ಬರೆಯುವಾಗ ವೈನಿ, "ಕೈ ನೋವಾಗಿತ್ತು ಅಂತ್ಲೂ ಹಾಕ್ಲಾ?" ಅನ್ನುತ್ತಿದ್ದಾಳೆ.

ಅವಳ ಬಲಗೈ ಮಣಿಕಟ್ಟಿನಿಂದ ಮೊಣಕೈಯವರೆಗೆ ಸಾಬೂನಿಗೆ ಹಾಕುವ ಕ್ಷಾರ ಬಿದ್ದು ಸುಟ್ಟಿದೆ. ಮಾರ್ಚ್ ತಿಂಗಳ ಕೊನೆಯಲ್ಲಿ ಆದದ್ದು. ನೀನು ಫೆಬ್ರವರಿಯ ಪತ್ರಕ್ಕೆ ನೆಟ್ಟಗೆ ಉತ್ತರ ಬರೆದಿದ್ದರೂ ಕಾಗದ ಅಷ್ಟರೊಳಗೆ ಇಲ್ಲಿಗೆ ಮುಟ್ಟುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಮುಟ್ಟುತ್ತಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ, ಇಲ್ಲ ಎಂದು ಕೆಲವು ದಿನ. ನೀನು ಬೈದು ಬರೆ ಎಂದೆಯಲ್ಲ. ಇದೇ ನನ್ನ ಬೈಗುಳ, ಮತ್ತೆ ಬರೆಯುವುದಿಲ್ಲ. ನೀನು ಆ ಕಚೇರಿಯಲ್ಲಿ ಬರೆಸಿದ ಪದವೂ ನನಗೆ ಗೊತ್ತಿದೆ. ಅಂಥ ಪದ ಬರೆಸುವ ಇನ್ನೊಬ್ಬ ಸವತಿಯನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ.

ಇದರ ಜೊತೆ ಇನ್ನೊಂದು ಕಾಗದವಿದೆ. ನಾನೇ ಹೋಗಿ ಪ್ರಮಾಣ ಮಾಡಿ ಮೊಹರು ಹಾಕಿಸಿದ್ದು. ಪ್ರೈಮಸ್ ನನ್ನನ್ನು ಬಿಡಲಿಲ್ಲ, ನಾನೂ ಅವನನ್ನು ಬಿಡಲಿಲ್ಲ. ಮಾರಿದವರು ನಮ್ಮ ಲಗ್ನವನ್ನು ಮುರಿದರು. ಈಗ ನಾನು ಐಸೋಮ್‌ನ ಹೆಂಡತಿ, ಪ್ರೈಮಸ್‌ನ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಇದನ್ನು ನಿಮ್ಮ ಗುಮಾಸ್ತನ ಮೇಜಿನ ಮೇಲೆ ಇಡು. ಬೇಲಿಯಾಚೆಯವಳಿಗೂ ತೋರಿಸು.

ವೈನಿ ಅಪ್ಪನನ್ನು ನೋಡಬೇಕು ಅನ್ನುತ್ತಾಳೆ. ನಾನು ಕಳಿಸುವುದಿಲ್ಲ. ಈಗಷ್ಟೇ ಸಿಕ್ಕವಳು. ನೋಡಬೇಕಿದ್ದರೆ ಅವನೇ ಬರಲಿ. ಇಲ್ಲಿ ಅಡುಗೆಗೆ ಬರವಿಲ್ಲ.

ಮಹಾಲಾ

•

ನ್ಯೂ ಬರ್ನ್
18 ಆಗಸ್ಟ್ 1867

ಅಕ್ಕನಿಗೆ, ವೈನಿಗೆ,

ಸುಟ್ಟ ಕೈಯ ವಿಷಯ ಓದಿದೆ. ಅದಕ್ಕೆ ಉತ್ತರ ಬರೆಯಲು ಹೋಗಿ ಎರಡು ಹಾಳೆ ಹರಿದೆ. ಪ್ರೈಮಸ್‌ಗೆ ಅದನ್ನೂ ಮುಚ್ಚಿಡದೆ ಓದಿದೆ. ಅವನು ಎದ್ದು ಹೊರಗೆ ಹೋಗಿ ನದಿ ನೋಡಿಕೊಂಡು ನಿಂತ. ಈ ಸಲ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಹೋಗು ಅನ್ನಲಿಲ್ಲ.

ಕಳೆದ ಮಂಗಳವಾರ ಗುಮಾಸ್ತನ ಬಳಿಗೆ ಹೋದೆವು. ಲೆಫ್ಟಿನೆಂಟ್ ಹೇಳಿದಂತೆಯೇ ಅವನು ತಕರಾರು ತೆಗೆದ. "ಇವನು ಮೇ ತಿಂಗಳಲ್ಲಿ ಬೇರೊಬ್ಬಳನ್ನ ಹೆಂಡ್ತಿ ಅಂತ ಪ್ರಮಾಣ ಮಾಡಿದಾನಲ್ಲಮ್ಮ?" ನಾನು ನಿನ್ನ ಕಾಗದ ಬಿಚ್ಚಿ ಅವನ ಮುಂದೆ ಹರಡಿದೆ. ಅವನು ಓದುತ್ತಾ ಓದುತ್ತಾ ಕನ್ನಡಕ ತೆಗೆದ.

"ಇದನ್ನ ಆ ಹೆಂಗಸೇ ಕೊಟ್ಲಾ? ಕೇಳ್ದೇನೇ?"

"ಕೇಳ್ದೇನೇ" ಎಂದೆ.

"ನಿಮ್ಮಿಬ್ರಿಗೂ ಎಷ್ಟು ದಿನದ ಪರಿಚಯ?"

"ಮುಖ ನೋಡಿಲ್ಲ" ಎಂದೆ.

ಬರೆದ. ಪ್ರೈಮಸ್ ಹಾರ್ಟ್, ಟೆಂಪಿ ಹಾರ್ಟ್, 1857ರಿಂದ ಗಂಡ ಹೆಂಡತಿ. ಮಕ್ಕಳು ಎಂದು ಕೇಳಿದ. ಪ್ರೈಮಸ್ ನನಗಿಂತ ಮೊದಲು, "ಒಬ್ಳು ಮಗಳು. ಟೆಕ್ಸಸ್‌ನಲ್ಲಿ" ಎಂದ. ಹೆಸರು ಕೇಳಿದಾಗ ನಾನು ಹೇಳಿದೆ.

ಅದೇ ವಾರ ಅವನು ಮತದಾರರ ಪಟ್ಟಿಯಲ್ಲೂ ಹೆಸರು ಬರೆಸಿದ. ಈಗ ಬೀದಿಯಲ್ಲಿ ನಡೆಯುವಾಗ ಇವನ ಎದೆ ಪೀಪಾಯಿಗಿಂತ ಮುಂದಿರುತ್ತದೆ. "ಹೆಂಗಸ್ರಿಗೆ ಯಾವಾಗ ವೋಟು?" ಎಂದು ಕೇಳಿದರೆ, "ನಿನಗೆ ವೋಟು ಬೇರೆ ಬೇಕಾ, ಇಲ್ದೇನೇ ಎರಡು ರಾಜ್ಯ ಆಳ್ತಿದೀಯ" ಅನ್ನುತ್ತಾನೆ.

ಈಗ ನಾವು ಬರುವ ವಿಷಯ. ನಿಮ್ಮ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಹಳದಿ ಜ್ವರ ಜೋರಾಗಿದೆಯಂತೆ, ಚಳಿ ಬೀಳುವವರೆಗೆ ಯಾವ ಹಡಗೂ ಆ ಕಡೆಗೆ ಹೋಗುವುದಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿಂದ ಅಲ್ಲಿಗೆ ಟರ್ಪೆಂಟೈನ್ ಹೊತ್ತು ಒಂದು ಹಡಗು ಹೊರಡುತ್ತದೆ. ದಾರಿಯಲ್ಲಿ ಪೀಪಾಯಿ ಸೋರದಂತೆ ನೋಡಿಕೊಳ್ಳಲು ಪ್ರೈಮಸ್‌ನನ್ನು ಕರೆದಿದ್ದಾರೆ. ಹಡಗಿನವರ ಬಟ್ಟೆಗೂ ಒಬ್ಬರು ಬೇಕಂತೆ. ನಾನೇ ಹೋಗಿ ಕ್ಯಾಪ್ಟನ್‌ನ ಅಂಗಿ ನೋಡಿದೆ. ಅದನ್ನು ಒಗೆದವರಿಗೆ ಕಣ್ಣಿಲ್ಲ. ಕೆಲಸ ಕೊಟ್ಟ.

ಅವನೇ ಬರಲಿ ಎಂದು ನೀನು ಬರೆದಿದ್ದೀಯ. ನನ್ನ ಹೆಸರು ಅದರಲ್ಲಿರಲಿಲ್ಲ, ಗಮನಿಸಿದ್ದೇನೆ. ನೀನು ನನ್ನ ಮುಖ ನೋಡಲು ಒಪ್ಪದಿದ್ದರೆ ಕಡವಿನ ಈಚೆ ದಂಡೆಯಲ್ಲೇ ಗಂಟಿನ ಮೇಲೆ ಕೂತಿರುತ್ತೇನೆ, ಬೇಸರವಿಲ್ಲ. ಆದರೆ ಬರುವುದಂತೂ ನಿಜ. ನಿನ್ನ ಮಗಳಿಗಾಗಿ ನಾನು ಹೆಂಡತಿ ಎಂಬ ಪದ ಬಿಟ್ಟುಕೊಟ್ಟೆ, ಬೇಕಾದರೆ ಮತ್ತೊಮ್ಮೆ ಕೊಡುತ್ತೇನೆ. ನಿನ್ನ ಕೈ ಅಡುಗೆ ಉಣ್ಣಲು ಅವನೊಬ್ಬನನ್ನೇ ಕಳಿಸುವಷ್ಟು ಒಳ್ಳೆಯವಳು ನಾನಲ್ಲ.

ಟೆಂಪಿ